ನಮ್ಮ ಬೀದಿಯ ಗೂರ್ಖಾ ಎಲ್ಲಿಂದ ಬಂದರು? ನೇಪಾಳದಿಂದ ಭಾರತಕ್ಕೆ ದುಡಿಯಲು ಬರುವವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಬೀದಿಗೆ ರಾತ್ರಿ ಹನ್ನೊಂದರ ಮೇಲೆ ಒಬ್ಬರು ಬರುತ್ತಾರೆ. ಕೋಲಿನಿಂದ ರಸ್ತೆಗೆ ಎರಡು ಸಲ ಕುಟ್ಟುತ್ತಾರೆ, ಒಂದು ಸೀಟಿ ಊದುತ್ತಾರೆ, ಮುಂದಿನ ಅಡ್ಡರಸ್ತೆಗೆ ಹೋಗುತ್ತಾರೆ. ತಿಂಗಳ ಮೊದಲ ವಾರ ಬೆಳಿಗ್ಗೆ ಗೇಟಿನ ಹತ್ತಿರ ಬಂದು ‘ಗೂರ್ಖಾ, ಸಾಬ್’ ಅಂತ ನಿಲ್ಲುತ್ತಾರೆ. ಐವತ್ತೋ ನೂರೋ ಕೊಟ್ಟು ಕಳಿಸುತ್ತೇವೆ. ಹೀಗೆ ಎಷ್ಟೋ ವರ್ಷ ಕೊಟ್ಟ ಮೇಲೆ ಒಂದು ದಿನ ನಾನು ಅವರ ಊರು ಕೇಳಿದೆ. ‘ಅಛಾಮ್’ ಅಂದರು. ಅದು ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು, ನೇಪಾಳದ ದೂರಪಶ್ಚಿಮದ ಬೆಟ್ಟದ ಜಿಲ್ಲೆ ಅದು. ಅವರನ್ನು ಈಗ ‘ದಾಯಿ’ ಅನ್ನುತ್ತೇನೆ, ನೇಪಾಳಿಯಲ್ಲಿ ಅಣ್ಣ ಅಂತ. ಅವರನ್ನು ಕೇಳಿದ್ದು, ಆಮೇಲೆ ಓದಿಕೊಂಡಿದ್ದು, ನೆರೆಹೊರೆಯವರು ನನ್ನನ್ನು ಕೇಳಿದ್ದು ಎಲ್ಲ ಸೇರಿ ಈ ಪ್ರಶ್ನೋತ್ತರ.

ಬಡ ದೇಶದಿಂದ ಹೊರಟವರು ಶ್ರೀಮಂತ ದೇಶಕ್ಕೆ ಹೋಗಬೇಕಲ್ವಾ? ಭಾರತಕ್ಕೆ ಯಾಕೆ ಬರುತ್ತಾರೆ?

ವಲಸೆ ಅಂದ ಕೂಡಲೇ ನಮಗೆ ಅಮೆರಿಕದ ವೀಸಾ ಕ್ಯೂ ಕಣ್ಣಿಗೆ ಬರುತ್ತದೆ. ಆದರೆ ಲೋಕದಲ್ಲಿ ಹೆಚ್ಚು ಜನ ಹೋಗುವುದು ಅಲ್ಲಿಗಲ್ಲ. ವಿಶ್ವಬ್ಯಾಂಕ್ 2016ರಲ್ಲಿ ಕೊಟ್ಟ ಲೆಕ್ಕ ನೋಡಿ. ದೇಶ ಬಿಟ್ಟು ಹೋದವರಲ್ಲಿ ನೂರಕ್ಕೆ 38 ಜನ ಒಂದು ಅಭಿವೃದ್ಧಿಶೀಲ ದೇಶದಿಂದ ಇನ್ನೊಂದು ಅಭಿವೃದ್ಧಿಶೀಲ ದೇಶಕ್ಕೆ ಹೋದವರು. ಅಂಥ ದೇಶದಿಂದ ಶ್ರೀಮಂತ ದೇಶಕ್ಕೆ ಹೋದವರು 34.

ಕಾರಣ ಸರಳ. ದೂರ ಹೋಗಲು ದುಡ್ಡು ಬೇಕು. ತೀರಾ ಇಲ್ಲದವನು ಬಸ್ ಚಾರ್ಜಿಗೆ ಎಟುಕುವಷ್ಟು ದೂರ ಹೋಗುತ್ತಾನೆ. ಪಶ್ಚಿಮ ನೇಪಾಳದ ಬೆಟ್ಟದ ಊರಿನವನಿಗೆ ಆ ದೂರ ಅಂದರೆ ದೆಹಲಿ, ಮುಂಬೈ, ಬೆಂಗಳೂರು. ಭಾರತ ಶ್ರೀಮಂತ ದೇಶವಲ್ಲ, ನಿಜ. ಆದರೆ ಅಛಾಮದ ಮೆಟ್ಟಿಲು ಗದ್ದೆಯಲ್ಲಿ ಬೆಳೆದ ಕಾಳು ವರ್ಷಪೂರ್ತಿ ಸಾಲದವರಿಗೆ ಇಲ್ಲಿನ ತಿಂಗಳ ಸಂಬಳ ದೊಡ್ಡದೇ.

ಅವರಿಗೆ ಪಾಸ್‌ಪೋರ್ಟ್, ವೀಸಾ ಏನೂ ಬೇಡವಾ?

ಬೇಡ. ಭಾರತ ಮತ್ತು ನೇಪಾಳ 1950ರ ಜುಲೈ 31ರಂದು ಕಾಠ್ಮಂಡುವಿನಲ್ಲಿ ಶಾಂತಿ ಮತ್ತು ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಏಳನೇ ವಿಧಿ ಪ್ರಕಾರ ಒಬ್ಬರ ಪ್ರಜೆಗಳು ಇನ್ನೊಬ್ಬರ ನೆಲದಲ್ಲಿ ವಾಸ ಮಾಡಬಹುದು, ಆಸ್ತಿ ಕೊಳ್ಳಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು. ಗಡಿ 1,700 ಕಿಲೋಮೀಟರಿಗಿಂತ ಉದ್ದ. ನಮ್ಮ ಕಡೆ ಉತ್ತರಾಖಂಡ, ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಸಿಕ್ಕಿಂ ಅದಕ್ಕೆ ತಾಗಿಕೊಂಡಿವೆ. ಸುನೌಲಿ, ರಕ್ಸೌಲ್, ಬನಬಸಾ, ರುಪೈಡಿಹಾ ಇಂಥ ಕಡೆ ಜನ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇ ದಾಟುತ್ತಾರೆ. ವಿಮಾನದಲ್ಲಿ ಹೋಗುವವರಿಗೆ ಮಾತ್ರ 2000ನೇ ಇಸವಿಯಿಂದ ಗುರುತಿನ ಚೀಟಿ ಕಡ್ಡಾಯ.

ಈ ತೆರೆದ ಬಾಗಿಲೇ ಇಡೀ ಕಥೆಯ ಗಂಟು. ಬರಲು ಕಾಗದ ಬೇಡ, ಒಳ್ಳೆಯದೇ. ಆದರೆ ಬಂದದ್ದಕ್ಕೂ ಕಾಗದ ಇಲ್ಲ. ಮುಂದಿನ ಎಷ್ಟೋ ಉತ್ತರಗಳಲ್ಲಿ ಇದೇ ಮಾತು ಎದುರಾಗುತ್ತದೆ.

ಇದು ಯಾವಾಗ ಶುರುವಾಯಿತು?

ನೇಪಾಳದಲ್ಲಿ ಹೊರದೇಶಕ್ಕೆ ದುಡಿಯಲು ಹೋದವನನ್ನು ‘ಲಾಹುರೆ’ ಅನ್ನುತ್ತಾರೆ. ಅಂದರೆ ಲಾಹೋರಿಗೆ ಹೋದವನು. ಇನ್ನೂರು ವರ್ಷದ ಹಿಂದೆ ಮಹಾರಾಜ ರಣಜಿತ್ ಸಿಂಗರ ಸೈನ್ಯಕ್ಕೆ ಸೇರಲು ಬೆಟ್ಟದ ಗಂಡಸರು ಲಾಹೋರಿಗೆ ಹೋಗುತ್ತಿದ್ದರು. ಆ ಹೆಸರು ಹಾಗೇ ಉಳಿಯಿತು. ಇವತ್ತು ದೋಹಾಗೆ ವಿಮಾನ ಹತ್ತಿದವನೂ ಲಾಹುರೆಯೇ.

1814ರಿಂದ 1816ರವರೆಗೆ ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ಯುದ್ಧ ನಡೆಯಿತು. ಎದುರಾಳಿಗಳ ಕೆಚ್ಚು ನೋಡಿದ ಬ್ರಿಟಿಷರು ಯುದ್ಧ ಮುಗಿಯುವ ಮುಂಚೆಯೇ ಅವರನ್ನು ತಮ್ಮ ಪಡೆಗೆ ಸೇರಿಸಿಕೊಳ್ಳಲು ಶುರು ಮಾಡಿದರು. 1947ರಲ್ಲಿ ಮೂರು ದೇಶಗಳ ಒಪ್ಪಂದವಾಗಿ ಆರು ಗೂರ್ಖಾ ರೆಜಿಮೆಂಟು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಬಂದವು. ಸಿಪಾಯಿಯ ಹಿಂದೆ ಅಡುಗೆಯವನು, ಅಡುಗೆಯವನ ಹಿಂದೆ ಅವನ ಭಾಮೈದ, ಹೀಗೆ ದಾರಿ ಅಗಲವಾಗುತ್ತ ಹೋಯಿತು. 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ ನಡೆದಾಗ, ಎರಡೂ ಕಡೆಯವರ ಕೈಗೆ ಸಿಗಬಾರದು ಅಂತ ಹುಡುಗರು ಊರು ಬಿಟ್ಟದ್ದೂ ಇದೆ.

ಹಾಗಾದರೆ ಕಾವಲು ಕಾಯುವವರೆಲ್ಲ ಗೂರ್ಖಾ ಜನಾಂಗದವರಾ?

ಅಲ್ಲ. ಸೈನ್ಯಕ್ಕೆ ಹೆಚ್ಚಾಗಿ ಸೇರುತ್ತಿದ್ದವರು ಗುರುಂಗ್, ಮಗರ್, ರಾಯಿ, ಲಿಂಬು ಜನ. ನಮ್ಮ ಬೀದಿಗಳಲ್ಲಿ ಸೀಟಿ ಊದುವವರು ಬಹುತೇಕ ದೂರಪಶ್ಚಿಮದ ಅಛಾಮ್, ಬಝಾಂಗ್, ಡೋಟಿ, ಕೈಲಾಲಿ, ಅದಕ್ಕೆ ತಾಗಿದ ದೈಲೇಖ್ ಜಿಲ್ಲೆಗಳವರು. ಛೇತ್ರಿಗಳು, ದಲಿತರು ಅವರಲ್ಲಿ ಬಹಳ. ‘ಗೂರ್ಖಾ’ ಅನ್ನುವುದು ನಾವು ಹಚ್ಚಿದ ಚೀಟಿ. ಅದರಿಂದ ಅವರಿಗೊಂದು ಲಾಭವೂ ಆಯಿತು. ಗೂರ್ಖಾ ಅಂದರೆ ಧೈರ್ಯವಂತ, ಪ್ರಾಮಾಣಿಕ ಅಂತ ನಾವೇ ನಂಬಿಕೊಂಡು ಕೆಲಸ ಕೊಟ್ಟೆವು. ದಾಯಿಯ ಮನೆತನದಲ್ಲಿ ಯಾರೂ ಬಂದೂಕು ಹಿಡಿದವರಲ್ಲ. ಅವರ ಅಪ್ಪ ಮುಂಬೈನಲ್ಲಿ ಹೋಟೆಲಿನ ಲೋಟ ತೊಳೆದವರು.

ಇನ್ನೊಂದು ಮಾತು. ನೇಪಾಳಿ ಮಾತಾಡುವವರೆಲ್ಲ ನೇಪಾಳದವರಲ್ಲ. ಡಾರ್ಜಿಲಿಂಗ್, ಸಿಕ್ಕಿಂ, ಅಸ್ಸಾಂ ಕಡೆಯ ಲಕ್ಷಾಂತರ ಜನ ತಲೆಮಾರುಗಳಿಂದ ಭಾರತೀಯರು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತಲ್ಲ, ಅದೇ ತಿದ್ದುಪಡಿಯಲ್ಲಿ ನೇಪಾಳಿಯೂ ಸೇರಿತು. ಮೋಮೊ ಅಂಗಡಿಯ ಹುಡುಗನನ್ನು ‘ನಿಮ್ಮ ದೇಶ ಯಾವುದು’ ಅಂತ ಕೇಳುವ ಮುಂಚೆ ಇದು ನೆನಪಿರಲಿ.

ಭಾರತದಲ್ಲಿ ಒಟ್ಟು ಎಷ್ಟು ಜನ ನೇಪಾಳಿಗರು ದುಡಿಯುತ್ತಿದ್ದಾರೆ?

ಎಣಿಸಿದವರು ಯಾರು? ಭಾರತದ 2001ರ ಜನಗಣತಿಯಲ್ಲಿ ನೇಪಾಳದಲ್ಲಿ ಹುಟ್ಟಿದವರು ಸುಮಾರು 6 ಲಕ್ಷ. ನೇಪಾಳದ 2011ರ ಜನಗಣತಿಯಲ್ಲಿ ಮನೆಬಿಟ್ಟು ಹೊರದೇಶದಲ್ಲಿ ಇರುವವರು 19 ಲಕ್ಷಕ್ಕೂ ಹೆಚ್ಚು, ಅವರಲ್ಲಿ ಭಾರತದಲ್ಲಿರುವವರು ನೂರಕ್ಕೆ 37ರಿಂದ 38. ಅಂದರೆ ಏಳು ಲಕ್ಷದ ಮೇಲೆ. ಇದಕ್ಕೆ ಎಷ್ಟೋ ಪಟ್ಟು ದೊಡ್ಡ ಅಂದಾಜುಗಳೂ ಓಡಾಡುತ್ತವೆ. ಆರು ತಿಂಗಳು ಇಲ್ಲಿ, ನಾಟಿಗೆ ಊರಲ್ಲಿ, ದಶೈಂ ಹಬ್ಬ ಮುಗಿಸಿ ಮತ್ತೆ ಇಲ್ಲಿ ಅನ್ನುವ ಮನುಷ್ಯನನ್ನು ಯಾವ ಪಟ್ಟಿಗೆ ಹಾಕುತ್ತೀರಿ? ಎಣಿಸುವವರು ಬಂದ ದಿನ ಅವನು ಬಸ್ಸಿನಲ್ಲಿ ಇರುತ್ತಾನೆ.

ಗಲ್ಫಿಗೆ ಹೋಗುವವರು ಯಾರು, ಇಲ್ಲಿಗೆ ಬರುವವರು ಯಾರು?

2001ರಲ್ಲಿ ನೇಪಾಳದಿಂದ ಹೊರಗಿದ್ದವರಲ್ಲಿ ಮುಕ್ಕಾಲು ಪಾಲು ಭಾರತದಲ್ಲಿದ್ದರು. ಹತ್ತೇ ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗೆ ಬಂತು. ಕತಾರ್, ಸೌದಿ, ಯುಎಇ, ಮಲೇಷ್ಯಾ ಬಾಗಿಲು ತೆರೆದಿದ್ದವು. ಈಗ ನೇಪಾಳ ಸರ್ಕಾರ ಹೊಸದು, ನವೀಕರಣ ಎಲ್ಲ ಸೇರಿ ವರ್ಷಕ್ಕೆ ಏಳು ಲಕ್ಷಕ್ಕೂ ಹೆಚ್ಚು ವಿದೇಶಿ ಉದ್ಯೋಗದ ಪರವಾನಗಿ ಕೊಡುತ್ತದೆ.

ಆದರೆ ಗಲ್ಫಿಗೆ ಹೋಗಲು ಬಂಡವಾಳ ಬೇಕು. ಪಾಸ್‌ಪೋರ್ಟು, ಮೆಡಿಕಲ್ಲು, ಮ್ಯಾನ್‌ಪವರ್ ಏಜೆಂಟು. ‘ಉಚಿತ ವೀಸಾ, ಉಚಿತ ಟಿಕೆಟ್’ ಅಂತ 2015ರಲ್ಲಿ ನೇಪಾಳ ಸರ್ಕಾರ ನಿಯಮ ಮಾಡಿತು. ಕಾಗದದ ಮೇಲೆ ಅದು ಚೆನ್ನಾಗಿದೆ. ಊರಿನಲ್ಲಿ ಇವತ್ತೂ ಸಾಹುಕಾರನ ಹತ್ತಿರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಸಾಲ ಎತ್ತಿ ಹೋಗುವವರಿದ್ದಾರೆ. ವರ್ಷಕ್ಕೆ ನೂರಕ್ಕೆ ಮೂವತ್ತಾರು ಆಯಿತು. ಆ ಸಾಲವೂ ಹುಟ್ಟದವನಿಗೆ ಇರುವುದು ಭಾರತ. ಒಂದೇ ಮನೆಯಲ್ಲಿ ಅಣ್ಣ ಬೆಂಗಳೂರಿನಲ್ಲಿ ದುಡಿದು ತಮ್ಮನನ್ನು ಕತಾರಿಗೆ ಕಳಿಸಿದ ಕಥೆಗಳೂ ಇವೆ. ದಾಯಿಯದ್ದು ಅದೇ ಕಥೆ. ತಮ್ಮ ಈಗ ಅವರಿಗಿಂತ ಜಾಸ್ತಿ ಕಳಿಸುತ್ತಾನೆ, ಮಾತು ಕಡಿಮೆ ಆಡುತ್ತಾನೆ ಅಂತ ಅವರ ದೂರು.

(ಗಲ್ಫ್ ದೇಶಗಳನ್ನೂ ವಿಶ್ವಸಂಸ್ಥೆಯ ಹಳೆಯ ವಿಂಗಡಣೆ ಅಭಿವೃದ್ಧಿಶೀಲ ಪ್ರದೇಶಕ್ಕೇ ಸೇರಿಸಿತ್ತು. ಕತಾರ್ ಮತ್ತು ನೇಪಾಳ ಒಂದೇ ಗುಂಪು! ಇಂಥ ಪಟ್ಟಿಗಳನ್ನು ಸ್ವಲ್ಪ ಉಪ್ಪು ಖಾರ ಕಳೆದೇ ನೋಡಬೇಕು.)

ಯಾರ ಪರಿಚಯವೂ ಇಲ್ಲದ ಊರಲ್ಲಿ ಕೆಲಸ ಹೇಗೆ ಸಿಗುತ್ತದೆ?

ಪರಿಚಯ ಇಲ್ಲದೆ ಯಾರೂ ಬರುವುದಿಲ್ಲ. ಮಾವನೋ, ಚಿಕ್ಕಪ್ಪನೋ, ಪಕ್ಕದ ಮನೆಯವನೋ ಮೊದಲೇ ಇಲ್ಲಿರುತ್ತಾನೆ. ಒಂದು ರೂಮು, ಐದಾರು ಜನ. ರಾತ್ರಿ ಪಾಳಿಯವರು ಬೆಳಿಗ್ಗೆ ಬಂದು ಮಲಗುವ ಹೊತ್ತಿಗೆ ಹೋಟೆಲ್ ಕೆಲಸದವರು ಅದೇ ಚಾಪೆಯಿಂದ ಎದ್ದು ಹೋಗಿರುತ್ತಾರೆ.

ಬೀದಿ ಕಾಯುವ ಕೆಲಸದಲ್ಲಿ ಒಂದು ಒಳಗುಟ್ಟು ಇದೆ. ದೆಹಲಿಯ ನೇಪಾಳಿ ಕಾವಲುಗಾರರ ಬಗ್ಗೆ ಅಧ್ಯಯನ ಮಾಡಿದವರು ಇದನ್ನು ಬರೆದಿದ್ದಾರೆ. ಅಲ್ಲಿ ಕೆಲಸವನ್ನು ಮಾರುತ್ತಾರೆ! ಊರಿಗೆ ಹೋಗುವವನು ತನ್ನ ಬೀದಿಯನ್ನು ಇನ್ನೊಬ್ಬನಿಗೆ ದುಡ್ಡು ತೆಗೆದುಕೊಂಡು ಬಿಟ್ಟುಕೊಡುತ್ತಾನೆ. ಬೀದಿಯ ಮನೆಗಳವರಿಗೆ ಗೊತ್ತಾಗುವುದು ‘ಇವನು ನನ್ನ ತಮ್ಮ, ಇನ್ನು ಮೇಲೆ ಇವನೇ ಬರುತ್ತಾನೆ’ ಅನ್ನುವುದಷ್ಟೇ. ಹೊಸಬನ ಕೈಯಲ್ಲಿ ಅಷ್ಟು ದುಡ್ಡು ಇರುವುದಿಲ್ಲ. ಅದಕ್ಕೆ ಊರಿನವರದೇ ಚೀಟಿ ಇದೆ. ನಮ್ಮ ಕಡೆಯ ಚೀಟಿಯ ಹಾಗೇ, ತಿಂಗಳಿಗೊಮ್ಮೆ ಹತ್ತಿಪ್ಪತ್ತು ಜನ ಸೇರುತ್ತಾರೆ, ಒಬ್ಬ ಎತ್ತುತ್ತಾನೆ. ಬ್ಯಾಂಕು ಬಾಗಿಲು ತೆರೆಯದ ಕಡೆ ಈ ಚೀಟಿಯೇ ಬ್ಯಾಂಕು.

ಈಗ ಅಪಾರ್ಟ್‌ಮೆಂಟುಗಳು ಬಂದು ಬೀದಿ ಗೂರ್ಖಾಗಳ ಕಾಲ ಮುಗಿಯುತ್ತ ಬಂದಿದೆ. ಸೆಕ್ಯೂರಿಟಿ ಏಜೆನ್ಸಿಯ ಯೂನಿಫಾರಂ ಬಂದಿದೆ, ಹನ್ನೆರಡು ಗಂಟೆ ಪಾಳಿ ಬಂದಿದೆ. ನನ್ನ ತಂಗಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹುಡುಗನಿದ್ದ. ಅವನ ಮೊದಲ ತಿಂಗಳ ಸಂಬಳವನ್ನು ಏಜೆನ್ಸಿ ‘ಡೆಪಾಸಿಟ್’ ಅಂತ ಹಿಡಿದುಕೊಂಡಿತ್ತು. ಅವನು ಊರಿಗೆ ಹೋಗುವಾಗ ಕೇಳಿದರೆ ಶೂ, ಬೆಲ್ಟು, ಟೋಪಿ ಅಂತ ಕಳೆದು ಏನೂ ಉಳಿದಿಲ್ಲ ಅಂದರಂತೆ. ತಂಗಿ ಫೋನ್ ಮಾಡಿ ಜಗಳ ಆಡಿದಳು. ಅರ್ಧ ಬಂತು.

ದುಡಿದ ಹಣ ಊರಿಗೆ ಹೇಗೆ ಹೋಗುತ್ತದೆ?

ಬಹಳ ಕಾಲ ಅದು ಒಳಚಡ್ಡಿಯ ಜೇಬಿನಲ್ಲೇ ಹೋಗುತ್ತಿತ್ತು. ಸುಮ್ನೆ ಹೇಳುತ್ತಿಲ್ಲ. ದರ್ಜಿಯ ಹತ್ತಿರ ಕೇಳಿ ಹೊಲಿಸಿಕೊಳ್ಳುತ್ತಿದ್ದರು. ರೈಲಿನಲ್ಲಿ ಬಿಸ್ಕತ್ತಿಗೆ ಪ್ರಜ್ಞೆ ತಪ್ಪಿಸುವ ಔಷಧಿ ಹಾಕಿ ದೋಚುವುದು, ಗಡಿಯಲ್ಲಿ ಚೀಲ ಬಿಚ್ಚಿಸಿ ‘ಇದಕ್ಕೆ ಬಿಲ್ ಎಲ್ಲಿ’ ಅಂತ ಕೈ ಚಾಚುವುದು ಊರಿಗೆ ಹೋಗುವ ಪ್ರತಿಯೊಬ್ಬನಿಗೂ ಗೊತ್ತಿರುವ ಭಯ.

2008ರಲ್ಲಿ ರಿಸರ್ವ್ ಬ್ಯಾಂಕು ಭಾರತದಿಂದ ನೇಪಾಳಕ್ಕೆ ಹಣ ಕಳಿಸುವ ಯೋಜನೆ ಶುರು ಮಾಡಿತು. ಎನ್‌ಇಎಫ್‌ಟಿ ಇರುವ ಬ್ಯಾಂಕ್ ಶಾಖೆಯಿಂದ ಕಳಿಸಬಹುದು. ಖಾತೆ ಇಲ್ಲದವರೂ ನಗದು ಕಟ್ಟಿ 50,000 ರೂಪಾಯಿವರೆಗೆ ಕಳಿಸಬಹುದು. 2021ರಲ್ಲಿ ಖಾತೆ ಇರುವವರ ಮಿತಿಯನ್ನು 2 ಲಕ್ಷಕ್ಕೆ ಏರಿಸಿದರು. ಯೋಜನೆ ಒಳ್ಳೆಯದು, ಖರ್ಚೂ ಕಡಿಮೆ. ತೊಡಕು ಇರುವುದು ಕೌಂಟರಿನಲ್ಲಿ. ದಾಯಿ ಕೇಳಲು ಹೋದ ಶಾಖೆಯಲ್ಲಿ ಅಂಥದ್ದೊಂದು ಇದೆ ಅಂತಲೇ ಗುಮಾಸ್ತರಿಗೆ ಗೊತ್ತಿರಲಿಲ್ಲ. ಹಾಗಾಗಿ ಅವರು ಕಳಿಸುವುದು ನೇಪಾಳಿ ಅಂಗಡಿಯ ಮನಿ ಟ್ರಾನ್ಸ್‌ಫರ್ ಮೂಲಕ.

ಒಂದು ಅನುಕೂಲವಿದೆ. ನೇಪಾಳಿ ರೂಪಾಯಿಯ ಬೆಲೆ ನಮ್ಮ ರೂಪಾಯಿಗೆ ಗಂಟು ಹಾಕಿದೆ. 1993ರಿಂದ ನಮ್ಮ ನೂರು ರೂಪಾಯಿಗೆ ಅಲ್ಲಿ 160. ಲೆಕ್ಕ ತಪ್ಪುವುದಿಲ್ಲ. ಆದರೆ ನೋಟಿನ ಕಾಟ ತಪ್ಪಿರಲಿಲ್ಲ. 2016ರಲ್ಲಿ ನಾವು 500, 1000ದ ನೋಟು ರದ್ದು ಮಾಡಿದಾಗ ಬೆಟ್ಟದ ಮನೆಗಳ ಪೆಟ್ಟಿಗೆಯಲ್ಲಿದ್ದ ನೋಟುಗಳು ಅಲ್ಲೇ ಕಾಗದವಾದವು. 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟನ್ನೇ ನಿಷೇಧಿಸಿತು. ಎಟಿಎಂನಿಂದ ಬರುತ್ತಿದ್ದದ್ದೆಲ್ಲ 500. ನೂರರ ಕಟ್ಟು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದ ದಾಯಿಯನ್ನು ನಾನೇ ನೋಡಿದ್ದೇನೆ.

ಇಷ್ಟೆಲ್ಲ ಹಣ ಹೋಗಿ ನೇಪಾಳ ಮುಂದೆ ಬಂದಿದೆಯಾ?

ಮನೆಗಳು ಮುಂದೆ ಬಂದಿವೆ. ದೇಶದ ಬಗ್ಗೆ ಅಷ್ಟು ಸಲೀಸಾಗಿ ಹೇಳಲಾಗದು.

ಮೊದಲು ಒಳ್ಳೆಯದು. ಹೊರಗಿನಿಂದ ಬರುವ ಹಣ ನೇಪಾಳದ ಜಿಡಿಪಿಯ ಕಾಲು ಭಾಗದ ಆಸುಪಾಸು. ಜಗತ್ತಿನಲ್ಲಿ ಇಷ್ಟು ದೊಡ್ಡ ಪಾಲು ಇರುವ ದೇಶಗಳು ಕೆಲವೇ. ಅಲ್ಲಿನ ಸರ್ಕಾರದ ಸಮೀಕ್ಷೆಗಳ ಪ್ರಕಾರ 1995–96ರಲ್ಲಿ ನೂರಕ್ಕೆ 42 ಜನ ಬಡತನದ ರೇಖೆಯ ಕೆಳಗಿದ್ದರು. 2010–11ರಲ್ಲಿ ಅದು 25ಕ್ಕೆ ಇಳಿಯಿತು. ನಡುವೆ ಹತ್ತು ವರ್ಷ ಅಂತರ್ಯುದ್ಧ ಬೇರೆ! 1995ರಿಂದ 2004ರವರೆಗೆ ಇಳಿದ ಬಡತನದಲ್ಲಿ ಐದರಲ್ಲೊಂದು ಪಾಲು ವಲಸೆ ಮತ್ತು ಅದರ ಹಣದಿಂದಲೇ ಆದದ್ದು ಅಂತ ವಿಶ್ವಬ್ಯಾಂಕಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಕಣ್ಣಿಗೆ ಕಾಣುವ ಬದಲಾವಣೆ ಕೇಳಿದರೆ ದಾಯಿ ಮೂರು ಹೇಳಿದರು. ಹುಲ್ಲಿನ ಮಾಡು ಹೋಗಿ ತಗಡು ಬಂತು. ಮಕ್ಕಳು ‘ಬೋರ್ಡಿಂಗ್’ ಶಾಲೆಗೆ ಹೋಗುತ್ತಾರೆ. ಅಲ್ಲಿ ಖಾಸಗಿ ಇಂಗ್ಲಿಷ್ ಶಾಲೆಗೆ ಹಾಗೆ ಅನ್ನುತ್ತಾರೆ. ಮೂರನೆಯದು, ಸಾಹುಕಾರನ ಮುಂದೆ ನೆಲದ ಮೇಲೆ ಕೂರಬೇಕಾಗಿಲ್ಲ. ಈ ಮೂರನೆಯದನ್ನು ಯಾವ ಜಿಡಿಪಿಯೂ ಅಳೆಯುವುದಿಲ್ಲ.

ಈಗ ಇನ್ನೊಂದು ಮುಖ. ಬಂದ ಹಣ ಅಕ್ಕಿಗೆ, ಬಟ್ಟೆಗೆ, ಆಸ್ಪತ್ರೆಗೆ, ಸಾಲಕ್ಕೆ ಹೋಗುತ್ತದೆ. ತಪ್ಪಲ್ಲ. ಹಸಿದವನು ಕಾರ್ಖಾನೆ ಕಟ್ಟಲಿ ಅನ್ನುವುದು ಹೊಟ್ಟೆ ತುಂಬಿದವರ ಮಾತು. ಆದರೆ ಆ ಅಕ್ಕಿ ಎಷ್ಟೋ ಸಲ ಭಾರತದ್ದು. ಗ್ಯಾಸು, ಪೆಟ್ರೋಲು ಭಾರತದಿಂದ ಹೋದದ್ದು. ನಮ್ಮ ಬೀದಿಯಿಂದ ಹೋದ ನೂರು ರೂಪಾಯಿ ಬೆಟ್ಟ ಹತ್ತಿ, ಅಕ್ಕಿ ಮೂಟೆಯ ಬೆಲೆಯಾಗಿ ಮತ್ತೆ ಗಡಿ ಇಳಿದು ಬರುತ್ತದೆ. ನಡುವೆ ಕಾಠ್ಮಂಡುವಿನ ಸರ್ಕಾರಕ್ಕೆ ಆಮದು ಸುಂಕ ಸಿಗುತ್ತದೆ. ಸರ್ಕಾರದ ಖಜಾನೆಯೂ ಹೀಗೆ ಹೊರಗೆ ದುಡಿಯುವವರ ಬೆನ್ನಿನ ಮೇಲೆಯೇ ನಿಂತಿದೆ.

ನನ್ನ ಅನಿಸಿಕೆ ಹೇಳಬೇಕೆಂದರೆ, ಈ ಹಣ ಆಳುವವರಿಗೆ ಒಂದು ಮೆತ್ತನೆ ದಿಂಬು. ಊರಲ್ಲಿ ಕೆಲಸ ಹುಟ್ಟಿಸದಿದ್ದರೂ ಹುಡುಗರು ದಂಗೆ ಏಳುವುದಿಲ್ಲ, ಬಸ್ಸು ಹತ್ತುತ್ತಾರೆ. ಆ ದಿಂಬೂ ಯಾವಾಗಲೂ ಕಾಯುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಜಾಲತಾಣಗಳ ನಿಷೇಧದ ನೆಪದಲ್ಲಿ ಯುವಜನ ಬೀದಿಗಿಳಿದಾಗ ಎರಡೇ ದಿನದಲ್ಲಿ ಪ್ರಧಾನಿ ಓಲಿ ರಾಜೀನಾಮೆ ಕೊಡಬೇಕಾಯಿತು. ಒಳಗೆ ಕುದಿಯುತ್ತಿದ್ದದ್ದು ಭ್ರಷ್ಟಾಚಾರ ಮತ್ತು ನಿರುದ್ಯೋಗದ ಸಿಟ್ಟು.

ಊರಿನಲ್ಲಿ ಉಳಿದವರ ಪಾಡೇನು?

ಹೆಂಗಸರು, ಮಕ್ಕಳು, ಮುದುಕರು. 2021ರ ಜನಗಣತಿಯಲ್ಲಿ ನೇಪಾಳದಲ್ಲಿ ನೂರು ಹೆಂಗಸರಿಗೆ 96 ಗಂಡಸರೂ ಇರಲಿಲ್ಲ. ಬೆಟ್ಟದ ಎಷ್ಟೋ ಜಿಲ್ಲೆಗಳಲ್ಲಿ ಜನಸಂಖ್ಯೆಯೇ ಇಳಿಯಿತು. ನೇಗಿಲು ಹಿಡಿಯುವುದು ಗಂಡಸರ ಕೆಲಸ ಅಂತ ಕಟ್ಟುಪಾಡು ಇದ್ದ ಕಡೆ ಉಳುವವರಿಲ್ಲದೆ ಗದ್ದೆ ಪಾಳು ಬಿದ್ದಿದೆ. ಸಾವಾದರೆ ಹೆಣ ಹೊರಲು ನಾಲ್ಕು ಜನ ಗಂಡಸರು ಸಿಗುವುದಿಲ್ಲ ಅನ್ನುವುದು ಅಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು.

ಗಂಡ ಇಲ್ಲದ ಮನೆಯಲ್ಲಿ ಹೆಂಡತಿಗೆ ಅಧಿಕಾರ ಬರುತ್ತದೆ ಅನ್ನುತ್ತಾರೆ. ಕೆಲವು ಮನೆಗಳಲ್ಲಿ ನಿಜ. ಹಣ ಅವಳ ಹೆಸರಿಗೆ ಬರುತ್ತದೆ, ಪಂಚಾಯಿತಿ ಸಭೆಗೆ ಅವಳು ಹೋಗುತ್ತಾಳೆ. ಹಲವು ಮನೆಗಳಲ್ಲಿ ಹಣ ಮಾವನ ಕೈಗೆ, ಕೆಲಸ ಮಾತ್ರ ಅವಳ ತಲೆಗೆ.

ಅಛಾಮ್, ಡೋಟಿ ಕಡೆ ಇನ್ನೊಂದು ಗಾಯವೂ ಇದೆ. ಮುಂಬೈಯಿಂದ ಮರಳಿದವರ ಜೊತೆ ಎಚ್‌ಐವಿ ಬಂತು. ಅದಕ್ಕೆ ‘ಮುಂಬೈ ರೋಗ’ ಅಂತಲೇ ಹೆಸರಾಯಿತು. ಗಂಡನಿಂದ ಹೆಂಡತಿಗೆ ತಗುಲಿ, ಗಂಡ ಸತ್ತ ಮೇಲೆ ಊರವರು ಅವಳನ್ನೇ ದೂರಿದ ಮನೆಗಳು ಒಂದೆರಡಲ್ಲ.

ಹೆಂಗಸರು ದುಡಿಯಲು ಬರುವುದಿಲ್ಲವಾ?

ಬರುತ್ತಾರೆ. ಗಂಡನ ಜೊತೆ ಬಂದು ಮನೆಗೆಲಸ ಹಿಡಿಯುವವರು, ಬ್ಯೂಟಿ ಪಾರ್ಲರಿನಲ್ಲಿ ಇರುವವರು ಬೆಂಗಳೂರಿನಲ್ಲೇ ಬೇಕಾದಷ್ಟಿದ್ದಾರೆ. ಆದರೆ ಗಡಿ ಗಂಡಸಿಗೆ ತೆರೆದಷ್ಟು ಹೆಂಗಸಿಗೆ ತೆರೆದಿಲ್ಲ. ಮಾನವ ಸಾಗಣೆಯ ಭಯದಿಂದ ಒಂಟಿ ಹುಡುಗಿಯನ್ನು ಗಡಿಯಲ್ಲಿ ನಿಲ್ಲಿಸಿ ಎಲ್ಲಿಗೆ, ಯಾರ ಜೊತೆ, ಫೋನ್ ನಂಬರು ಕೊಡು ಅಂತ ಕೇಳುತ್ತಾರೆ. ಮೈತಿ ನೇಪಾಳ್‌ನಂಥ ಸಂಸ್ಥೆಗಳು ಹೀಗೆ ಎಷ್ಟೋ ಹುಡುಗಿಯರನ್ನು ಉಳಿಸಿವೆ. ಆದರೆ ನಿಜವಾಗಿ ಕೆಲಸಕ್ಕೆ ಹೊರಟವಳೂ ಅದೇ ಬಲೆಗೆ ಬೀಳುತ್ತಾಳೆ. ಮನೆಗೆಲಸಕ್ಕೆ ಗಲ್ಫಿಗೆ ಹೋಗದಂತೆ ನೇಪಾಳ ಮತ್ತೆ ಮತ್ತೆ ತಡೆ ಹಾಕಿದಾಗ ಆದದ್ದೇನು? ಹೋಗುವುದು ನಿಲ್ಲಲಿಲ್ಲ. ದೆಹಲಿ ಮೂಲಕ ಕದ್ದು ಹೋಗುವುದು ಶುರುವಾಯಿತು.

ಇಲ್ಲಿ ಅವರಿಗೆ ಯಾವ ಹಕ್ಕು, ಸವಲತ್ತು ಇದೆ?

ಕೆಲಸ ಮಾಡುವ ಹಕ್ಕು ಇದೆ. ಕನಿಷ್ಠ ಕೂಲಿಯ ಕಾನೂನು ಅವರಿಗೂ ಅನ್ವಯ. ವೋಟಿಲ್ಲ. ಕಷ್ಟ ಇರುವುದು ಎರಡು ದೇಶಗಳ ನಡುವಿನ ಸಂದಿಯಲ್ಲಿ.

ನೇಪಾಳದ ಕಾನೂನಿನ ಕಣ್ಣಲ್ಲಿ ಭಾರತಕ್ಕೆ ಹೋಗುವುದು ‘ವಿದೇಶಿ ಉದ್ಯೋಗ’ದ ಲೆಕ್ಕಕ್ಕೇ ಬರುವುದಿಲ್ಲ, ಪರವಾನಗಿ ಬೇಡ. ಸರಿ. ಆದರೆ ವಿದೇಶಿ ಉದ್ಯೋಗ ಕಲ್ಯಾಣ ನಿಧಿಯಿಂದ ಪರಿಹಾರ ಸಿಗುವುದು ಪರವಾನಗಿ ಇದ್ದವರಿಗೆ. ಕತಾರಿನಲ್ಲಿ ಸತ್ತ ತಮ್ಮನ ಮನೆಗೆ ಪರಿಹಾರ ಹೋಗುತ್ತದೆ, ಬೆಂಗಳೂರಿನಲ್ಲಿ ಸಾರುವೆಯಿಂದ ಬಿದ್ದು ಸತ್ತ ಅಣ್ಣನ ಮನೆಗೆ ಏನೂ ಇಲ್ಲ. ಇತ್ತ ಭಾರತದಲ್ಲಿ ವಲಸೆ ಕಾರ್ಮಿಕ ಅಂದರೆ ಬೇರೆ ರಾಜ್ಯದವನು. ನೇಪಾಳಿ ಆ ಪಟ್ಟಿಯಲ್ಲೂ ಇಲ್ಲ. ವಿದೇಶಿ ಅಂತ ಮಾಡುವ ನೋಂದಣಿಯೂ ಅವನಿಗಿಲ್ಲ. ಇಬ್ಬರಿಗೂ ಅವನು ಬೇಕು, ಇಬ್ಬರ ಲೆಡ್ಜರಿನಲ್ಲೂ ಅವನ ಹೆಸರಿಲ್ಲ.

ನಮ್ಮ ಹುಡುಗರ ಕೆಲಸ ಇವರು ಕಿತ್ತುಕೊಳ್ಳುತ್ತಿಲ್ಲವಾ?

ರಾತ್ರಿ ಪಾಳಿ, ಹನ್ನೆರಡು ಗಂಟೆ, ವಾರದ ರಜೆ ಇಲ್ಲ. ಈ ಷರತ್ತಿಗೆ ನಿಮ್ಮ ಮಗನನ್ನು ಕಳಿಸುತ್ತೀರಾ ಅಂತ ಕೇಳಿದವರನ್ನೇ ತಿರುಗಿ ಕೇಳಿದ್ದೇನೆ. ಆದರೂ ಪ್ರಶ್ನೆ ಪೂರ್ತಿ ಸುಳ್ಳಲ್ಲ. ಕಡಿಮೆ ಕೂಲಿಗೆ, ದೂರು ಕೊಡದೆ ದುಡಿಯುವವನು ಇದ್ದಾಗ ಕಲಬುರಗಿಯಿಂದ ಬಂದವನ ಕೂಲಿಯೂ ಏರುವುದಿಲ್ಲ. ಅದಕ್ಕೆ ಔಷಧ ನೇಪಾಳಿಯನ್ನು ಓಡಿಸುವುದಲ್ಲ. ಕನಿಷ್ಠ ಕೂಲಿ ಇಬ್ಬರಿಗೂ ಸಿಗುವಂತೆ ಮಾಡುವುದು.

ಭಾರತದಿಂದ ಯಾರೂ ನೇಪಾಳಕ್ಕೆ ಹೋಗುವುದಿಲ್ಲವೇ?

ಧಾರಾಳವಾಗಿ ಹೋಗುತ್ತಾರೆ. ಕಾಠ್ಮಂಡುವಿನಲ್ಲಿ ಕ್ಷೌರ ಮಾಡುವವರು, ತರಕಾರಿ ಗಾಡಿಯವರು, ಗಾರೆ ಕೆಲಸದವರು ಬಹಳ ಜನ ಬಿಹಾರದ ಕಡೆಯವರು. ಅಲ್ಲಿಂದ ಅವರೂ ಮನೆಗೆ ದುಡ್ಡು ಕಳಿಸುತ್ತಾರೆ. ತೆರೆದ ಗಡಿ ಒಂದೇ ಕಡೆಗೆ ಅಲ್ಲ.

ಕನ್ನಡಿಗರ ಪಾಲೂ ಇದೆ. ಪಶುಪತಿನಾಥ ದೇವಸ್ಥಾನದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು. ದಕ್ಷಿಣದ ಅರ್ಚಕರನ್ನೇ ನೇಮಿಸುವ ಪದ್ಧತಿ ಬಹಳ ಹಳೆಯದು. 2008ರ ಕೊನೆಯಲ್ಲಿ ಮಾವೋವಾದಿ ಸರ್ಕಾರ ಅವರ ಜಾಗಕ್ಕೆ ನೇಪಾಳಿ ಅರ್ಚಕರನ್ನು ತರಲು ಹೊರಟಾಗ ದೊಡ್ಡ ಗಲಾಟೆಯಾಗಿ ಹಿಂದೆ ಸರಿಯಬೇಕಾಯಿತು. 2009ರಲ್ಲಿ ಹೊಸದಾಗಿ ಬಂದ ಇಬ್ಬರು ಭಟ್ಟರ ಮೇಲೆ ಹಲ್ಲೆಯೂ ಆಯಿತು. ‘ಹೊರಗಿನವರು ಬಂದು ನಮ್ಮ ಕೆಲಸ ಕಿತ್ತುಕೊಂಡರು’ ಅನ್ನುವ ಮಾತು ಆಗ ನಮ್ಮವರ ಬಗ್ಗೆ ಬಂದಿತ್ತು, ನೋಡಿ.

ಕೋವಿಡ್ ಸಮಯದಲ್ಲಿ ಇವರಿಗೆ ಏನಾಯಿತು?

2020ರ ಮಾರ್ಚ್ 24ಕ್ಕೆ ನೇಪಾಳ, 25ಕ್ಕೆ ಭಾರತ ಲಾಕ್‌ಡೌನ್ ಆದವು. ತೆರೆದೇ ಇರುತ್ತಿದ್ದ ಗಡಿ ಮುಚ್ಚಿತು. ಉತ್ತರಾಖಂಡದ ಗಡಿಯ ಊರು ಧಾರ್ಚುಲಾದಲ್ಲಿ ಮಹಾಕಾಳಿ ನದಿಯ ಈ ದಡದಲ್ಲಿ ನೂರಾರು ಜನ ನಿಂತಿದ್ದರು. ಆ ದಡದಲ್ಲಿ ಅವರ ದೇಶ ಕಣ್ಣಿಗೆ ಕಾಣುತ್ತಿತ್ತು. ಸೇತುವೆಯ ಗೇಟಿಗೆ ಬೀಗ. ಕೆಲವರು ಹಿಮದ ನೀರಿಗೆ ಹಾರಿ ಈಜಿದರು. ದಡ ಸೇರಿದವರನ್ನು ಅವರ ಪೊಲೀಸರೇ ಹಿಡಿದರು. ದಾಯಿ ಹೋಗಲಿಲ್ಲ. ಇಲ್ಲೇ ಒಂದು ಕಟ್ಟಡದ ಪಂಪ್‌ಹೌಸಿನಲ್ಲಿ ಮೂರು ತಿಂಗಳಿದ್ದರು. ರೇಷನ್ ಕಾರ್ಡಿಲ್ಲ ಅಂತ ಅಕ್ಕಿ ಹಂಚುವ ಸಾಲಿನಿಂದ ಒಮ್ಮೆ ವಾಪಸ್ ಕಳಿಸಿದ್ದರಂತೆ. ನಾನು ಅದೇ ಬೀದಿಯಲ್ಲಿದ್ದೆ. ನನಗೆ ಗೊತ್ತೇ ಆಗಲಿಲ್ಲ.

ಜಗತ್ತಿನಲ್ಲಿ ಬೇರೆ ಕಡೆಯೂ ಹೀಗೇ ಇದೆಯಾ?

ಇದೆ. ತೀರಾ ಹತ್ತಿರದ ಹೋಲಿಕೆ ಪಶ್ಚಿಮ ಆಫ್ರಿಕಾದ್ದು. ಒಣ ನೆಲದ ಬುರ್ಕಿನಾ ಫಾಸೊದವರು ಪಕ್ಕದ ಐವರಿ ಕೋಸ್ಟಿನ ಕೋಕೋ ತೋಟಗಳಿಗೆ ಹೋಗುತ್ತಾರೆ. ನಾವು ತಿನ್ನುವ ಚಾಕೊಲೇಟಿನಲ್ಲಿ ಅವರ ಬೆವರಿದೆ. ‘ನೆಲ ಉಳುವವನದು’ ಅಂತ ಮೊದಲ ಅಧ್ಯಕ್ಷ ಹೂಫೂಎ-ಬ್ವಾನ್ಯಿಯ ಸರ್ಕಾರ ಅವರನ್ನು ಕರೆದು ಕೂರಿಸಿತ್ತು. 1990ರ ದಶಕದಲ್ಲಿ ಕೋಕೋ ಬೆಲೆ ಬಿದ್ದು, ರಾಜಕೀಯ ಕೆಟ್ಟು, ‘ನಿಜವಾದ ಐವರಿಯವರು ಯಾರು’ ಅನ್ನುವ ಪ್ರಶ್ನೆ ಎದ್ದಿತು. 2002ರಲ್ಲಿ ಅಂತರ್ಯುದ್ಧ. ಲಕ್ಷಾಂತರ ಜನ ಹುಟ್ಟೂರಿಗೆ ಓಡಿದರು. ಅಲ್ಲೂ ಗಡಿ ತೆರೆದೇ ಇತ್ತು. 1979ರ ಪ್ರಾದೇಶಿಕ ಒಪ್ಪಂದವೇ ಅದಕ್ಕೆ ಇತ್ತು. ಓಡಾಡುವ ಹಕ್ಕು ಕಾಗದದಲ್ಲಿ ಇದ್ದ ಮಾತ್ರಕ್ಕೆ ನೆಲೆಯ ಭರವಸೆ ಬರಲಿಲ್ಲ.

ಹಾಗಾದರೆ ಗಡಿಯಲ್ಲಿ ಪರವಾನಗಿ ಶುರು ಮಾಡಿದರೆ ಒಳ್ಳೆಯದಲ್ವಾ?

ಬೇಡ ಅನ್ನುತ್ತೇನೆ. ಪರವಾನಗಿ ಬಂದರೆ ಅದರ ಹಿಂದೆ ಏಜೆಂಟ್ ಬರುತ್ತಾನೆ, ಏಜೆಂಟಿನ ಹಿಂದೆ ಸಾಲ ಬರುತ್ತದೆ. ಗಲ್ಫಿನ ದಾರಿಯಲ್ಲಿ ಆದದ್ದು ಅದೇ. ಬಡವನಿಗೆ ಉಳಿದಿರುವ ಒಂದೇ ಅಗ್ಗದ ದಾರಿಗೆ ಟೋಲ್ ಗೇಟು ಹಾಕಿದಂತೆ. ಬೇಕಿರುವುದು ದಾಟಿದ ಮೇಲಿನ ಕಾಗದ: ಇಷ್ಟಪಟ್ಟವರು ಮಾಡಿಸಿಕೊಳ್ಳುವ ನೋಂದಣಿ, ಅದನ್ನು ತೋರಿಸಿದರೆ ಬ್ಯಾಂಕು ಖಾತೆ, ಅಪಘಾತ ವಿಮೆ, ಮಕ್ಕಳಿಗೆ ಶಾಲೆ, ಸತ್ತರೆ ಹೆಣ ಊರಿಗೆ ಕಳಿಸುವ ವ್ಯವಸ್ಥೆ. ಎರಡು ಸರ್ಕಾರ ಕೂತು ಮಾತಾಡಿದರೆ ಇದೇನು ಚಂದ್ರನ ಮೇಲೆ ಹೋಗುವ ಕೆಲಸವಲ್ಲ.

ಬೆಂಗಳೂರಿನಿಂದ ಅಛಾಮಿಗೆ ಎಷ್ಟು ದಿನದ ಪ್ರಯಾಣ?

ನೆಟ್ಟಗೆ ಹೋದರೆ ನಾಲ್ಕು, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಎಷ್ಟೋ. ಜನರಲ್ ಬೋಗಿಯಲ್ಲಿ ದೆಹಲಿ. ಅಲ್ಲಿಂದ ರಾತ್ರಿ ಬಸ್ಸು, ಬೆಳಿಗ್ಗೆ ಬನಬಸಾ. ಶಾರದಾ ಬ್ಯಾರೇಜಿನ ಸಣ್ಣ ರಸ್ತೆಯಲ್ಲಿ ವಾಹನಕ್ಕೆ ಗೇಟು ತೆರೆಯುವುದು ಗೊತ್ತಾದ ಹೊತ್ತಿಗೆ ಮಾತ್ರ, ನಡೆದು ಹೋಗುವವರು ಚೀಲ ಹೊತ್ತು ದಾಟುತ್ತಾರೆ. 2015ರ ಭೂಕಂಪದ ಸುದ್ದಿ ಬಂದಾಗ, ಪಶ್ಚಿಮಕ್ಕೆ ಅಷ್ಟು ಪೆಟ್ಟಾಗಿಲ್ಲ ಅಂತ ಗೊತ್ತಾಗುವ ಮುಂಚೆಯೇ ದಾಯಿ ಈ ದಾರಿ ಹಿಡಿದಿದ್ದರು. ಆಚೆ ಮಹೇಂದ್ರನಗರ, ಅತ್ತರಿಯಾ. ಅಲ್ಲಿಂದ ಬಸ್ಸು ಬೆಟ್ಟ ಹತ್ತಲು ಶುರು ಮಾಡುತ್ತದೆ: ಡಡೇಲ್‌ಧುರಾ, ಡೋಟಿ, ಸಾಂಫೆಬಗರ್. ರಸ್ತೆ ಮುಗಿದ ಮೇಲೆ ಎರಡು ಗಂಟೆ ಏರು.

ಈ ಸಲ ಗೌರಾ ಹಬ್ಬಕ್ಕೆ ಹೋದಾಗ ಅವರ ಚೀಲದಲ್ಲಿ ಒಂದು ಪ್ರೆಶರ್ ಕುಕ್ಕರ್, ಮಗಳಿಗೆ ಶಾಲೆಯ ಬೂಟು, ಹೆಂಡತಿಗೆ ಮಂಡಿನೋವಿನ ಮುಲಾಮು, ಎರಡು ಕೆ.ಜಿ. ಮೈಸೂರು ಪಾಕ್ ಇತ್ತು. ಮೈಸೂರು ಪಾಕ್ ಯಾಕೆ ಅಂದೆ. ನಾಲ್ಕು ದಿನ ಕೆಡುವುದಿಲ್ಲ, ಸಾಬ್, ಅಂದರು. ಬೀದಿಯನ್ನು ನೋಡಿಕೊಳ್ಳಲು ಒಬ್ಬ ಹುಡುಗನನ್ನು ಬಿಟ್ಟು ಹೋಗಿದ್ದಾರೆ. ತಮ್ಮ ಅಂತ ಪರಿಚಯಿಸಿದರು.